ಅಲಾಯ್ ವೀಲಿನ ಕಂದು ಚುಕ್ಕೆ, ಬಿಳಿ ಉಂಗುರ, ಕ್ಲಿಯರ್ ಒಳಗಿನ ಬಿಳಿ ಗೆರೆ: ಯಾವುದು ತೊಳೆದರೆ ಹೋಗುತ್ತೆ, ಯಾವುದು ಹೋಗಲ್ಲ?

ಹದಡಿ_ರೋಡ್

ಎಲ್ಲರಿಗೂ ನಮಸ್ಕಾರ. ಕಾರು ದಾವಣಗೆರೆಯದು, ಹೆದ್ದಾರಿ 48ರಲ್ಲಿ ಚಿತ್ರದುರ್ಗಕ್ಕೆ ಆಗಾಗ ಓಡಾಟ ಇದೆ. 16 ಇಂಚಿನ ಡೈಮಂಡ್ ಕಟ್ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ವೀಲ್): ಮುಖ ಹೊಳಪು ಬೆಳ್ಳಿ, ಸಂದುಗಳು ಕಪ್ಪು ಬಣ್ಣ.

ಮುಂದಿನ ಎರಡೂ ವೀಲಿನಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳಿವೆ, ಶಾಂಪೂ ಹಾಕಿ ಉಜ್ಜಿದರೂ ಹೋಗಲ್ಲ. ನಾಲ್ಕೂ ವೀಲಿನಲ್ಲಿ ನೀರಿನ ಹನಿ ಒಣಗಿದ ಬಿಳಿ ಉಂಗುರ. ಹಿಂದಿನ ಎಡಗಡೆ ವೀಲಿನ ಅಂಚಿನಿಂದ ಒಳಕ್ಕೆ ಹುಳ ಹರಿದ ಹಾಗೆ ಬಿಳಿ ಗೆರೆ, ಉಗುರಿಗೆ ಏನೂ ತಾಗಲ್ಲ, ನುಣ್ಣಗಿದೆ. ಅದೇ ವೀಲಿನಲ್ಲಿ ಫುಟ್‌ಪಾತ್ ಕಲ್ಲು ತಾಗಿ ನಾಲ್ಕು ಬೆರಳಗಲ ಗೀರು. ವಾಟರ್ ವಾಶ್‌ನಲ್ಲಿ ಆಸಿಡ್ ಹಾಕಿದರೆ ಐದು ನಿಮಿಷದಲ್ಲಿ ಹೊಸದಾಗುತ್ತೆ ಅಂತಾರೆ. ಹಾಕಿಸಬಹುದಾ?

ಪಿಬಿ_ರೋಡ್_ಪೇಂಟಿಂಗ್

ಆಸಿಡ್ ಖಂಡಿತ ಬೇಡ ಸರ್. ನೀವು ಹೇಳಿದ ನಾಲ್ಕೂ ಬೇರೆ ಬೇರೆ ಕಾಯಿಲೆ, ಎಲ್ಲಕ್ಕೂ ಒಂದೇ ಮದ್ದಿಲ್ಲ. ಯಾವ ಬಾಟಲಿಯನ್ನೂ ಕೊಳ್ಳೋ ಮೊದಲು ಎರಡು ಪರೀಕ್ಷೆ ಮಾಡಿ, ಹತ್ತು ನಿಮಿಷ ಸಾಕು.

ಮೊದಲನೇದು, ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ರಕ್ಷಣೆಯ ಪದರ, ಇದೆಯಾ ಅಂತ ತಿಳಿಯೋದು. ವೀಲಿನ ಮುಖದಲ್ಲೇ ಒಂದು ಮೂಲೆ ಆರಿಸಿ. ಹಿಂಬದಿ ಬೇಡ, ಅಲ್ಲಿ ಬೇರೆ ಬಣ್ಣ ಹೊಡೆದಿರ್ತಾರೆ. ಬಿಳಿ ಬಟ್ಟೆಗೆ ಕಡಲೆಕಾಳಷ್ಟು ಮೆಟಲ್ ಪಾಲಿಶ್ ಹಚ್ಚಿ ಹತ್ತು ಸಲ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬರಿ ಅಲ್ಯೂಮಿನಿಯಂ. ವೀಲಿನ ಬಣ್ಣವೇ ಬಟ್ಟೆಗೆ ಬಂದರೆ ಕ್ಲಿಯರ್ ಇಲ್ಲದ ಪೇಂಟ್. ಬಟ್ಟೆ ಹಾಗೇ ಉಳಿದರೆ ಕ್ಲಿಯರ್ ಇದೆ.

ಎರಡನೇದು, ಕಲೆ ಮೇಲಿದೆಯೋ ಒಳಗಿದೆಯೋ ಅನ್ನೋದು. ತೊಳೆದು ಒಣಗಿಸಿದ ವೀಲಿನ ಕಲೆಯ ಮೇಲೆ ನೀರು ಸವರಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಒದ್ದೆಯಿದ್ದಾಗ ಮಾಯವಾಗಿ ಒಣಗಿದ ಮೇಲೆ ಮತ್ತೆ ಕಂಡರೆ ತೊಂದರೆ ಕ್ಲಿಯರಿನ ಮೇಲ್ಮೈಯಲ್ಲಿದೆ: ಸಣ್ಣ ಗೀರು ಇರಬಹುದು, ಸುಣ್ಣದ ತೆಳು ಪದರ ಇರಬಹುದು, ಬಿಸಿಲಿಗೆ ಮಂಕಾಗಿರಬಹುದು. ಒದ್ದೆಯಿದ್ದಾಗಲೂ ಅಷ್ಟೇ ಸ್ಪಷ್ಟವಾಗಿ ಕಂಡು, ಕೈಗೆ ನುಣ್ಣಗೆ ಸಿಕ್ಕರೆ ಅದು ಕ್ಲಿಯರಿನ ಕೆಳಗೆ. ನಿಮ್ಮ ಹುಳದ ಗೆರೆ ಈ ಜಾತಿಯದು. ಅದನ್ನು ಜಗತ್ತಿನ ಯಾವ ಶಾಂಪೂವೂ ತೆಗೆಯಲ್ಲ.

ಡೈಮಂಡ್ ಕಟ್ ಯಾಕೆ ಸೂಕ್ಷ್ಮ ಅಂದರೆ, ಮೊದಲು ಇಡೀ ವೀಲಿಗೆ ಬಣ್ಣ ಹೊಡೆದು, ಆಮೇಲೆ ಮುಖವನ್ನು ಲೇತ್ ಮೇಲೆ ತೆಳ್ಳಗೆ ಕತ್ತರಿಸಿ ಲೋಹ ಹೊರತೆಗೆದಿರ್ತಾರೆ. ಅದರ ಮೇಲಿರೋದು ಕ್ಲಿಯರ್ ಮಾತ್ರ. ಕೆಳಗೆ ಪ್ರೈಮರ್ ಇಲ್ಲ, ಬಣ್ಣ ಇಲ್ಲ. ಕ್ಲಿಯರ್ ಒಂದು ಕಡೆ ಒಡೆದರೆ ನೀರು ನೇರ ಲೋಹಕ್ಕೇ ಹೋಗುತ್ತೆ.

ಜಗಳೂರು_ಜೀಪ್

ಟಾಯ್ಲೆಟ್ ಕ್ಲೀನರ್ ಒಂದು ಮುಚ್ಚಳ ಒಂದು ಮಗ್ ನೀರಿಗೆ ಹಾಕಿ ತೊಳೆದ್ರೆ ಸ್ಟೀಲ್ ರಿಮ್ ಮ್ಯಾಲಿನ ತುಕ್ಕಿನ ಕಲೆ ಹೋಗ್ತೈತಿ. ಅಲಾಯ್‌ಗೂ ಅಷ್ಟೇ ತೆಳುವಾಗಿ ಹಾಕಿದ್ರೆ ಏನಾಗ್ತೈತ್ರಿ?

ರಸಾಯನ_ಮೇಷ್ಟ್ರು

ಜಗಳೂರಿನವರೇ, ಪ್ರಶ್ನೆ ಸರಿಯಾಗಿದೆ, ಉತ್ತರ ಸ್ವಲ್ಪ ಉದ್ದ.

ಅಲ್ಯೂಮಿನಿಯಂ ತನ್ನ ಮೇಲೆ ತಾನೇ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತೆ. ಅದನ್ನು ಕಾಪಾಡೋದು ಆ ಪದರವೇ. ಪಿಹೆಚ್ ಸುಮಾರು 4ರಿಂದ 8.5ರ ನಡುವೆ ಇದ್ದಾಗ ಪದರ ಉಳಿಯುತ್ತೆ. ಅದಕ್ಕಿಂತ ಕೆಳಗೂ ಕರಗುತ್ತೆ, ಮೇಲೂ ಕರಗುತ್ತೆ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಹೈಡ್ರೋಕ್ಲೋರಿಕ್ ಆಮ್ಲ. ಎಷ್ಟು ತೆಳು ಮಾಡಿದರೂ ಅದರ ಕ್ಲೋರೈಡ್ ಉಳಿಯುತ್ತೆ. ಕಲ್ಲು ಸಿಡಿದು ಕ್ಲಿಯರ್ ಒಡೆದಿರೋ ಕಡೆ ಕ್ಲೋರೈಡ್ ಒಳಗೆ ಸೇರಿದರೆ, ನೀವು ತೊಳೆದು ಮನೆಗೆ ಹೋದ ಮೇಲೂ ತುಕ್ಕಿನ ಕೆಲಸ ನಡೀತಾ ಇರುತ್ತೆ. ಹದಡಿ ರೋಡ್ ಅವರ ವೀಲಿನಲ್ಲಿ ಕಾಣೋ ಹುಳದ ಗೆರೆಗೆ ಇದೇ ಆಹಾರ.

ವಾಶ್ ಸೆಂಟರಿನ ಹೆಸರಿಲ್ಲದ ಬಿಳಿ ಕ್ಯಾನಿನಲ್ಲಿ ಇನ್ನೂ ಅಪಾಯದ್ದೂ ಇರಬಹುದು. ವೀಲ್ ಬ್ರೈಟ್ನರ್ ಅಂತ ಮಾರೋ ಕೆಲವದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತೆ. ಇದು ಚರ್ಮದೊಳಗೆ ಇಳಿದು ಮೂಳೆಯ ಕ್ಯಾಲ್ಸಿಯಂವರೆಗೂ ಹೋಗುತ್ತೆ. ತೆಳುವಾಗಿದ್ದಾಗ ನೋವು ಗಂಟೆಗಳ ನಂತರ ಶುರುವಾಗೋದರಿಂದ ತೊಳೆಯೋ ಹುಡುಗರಿಗೆ ತಗುಲಿದ್ದೇ ಗೊತ್ತಾಗಲ್ಲ. ವೀಲಿನ ವಿಚಾರ ಬಿಡಿ, ಆ ಹುಡುಗರ ಕೈಗೋಸ್ಕರವಾದರೂ ಅದನ್ನು ಬೇಡ ಅನ್ನಿ.

ಇನ್ನೊಂದು ತುದಿಯಲ್ಲಿ ಕಾಸ್ಟಿಕ್ ಸೋಡ, ವಾಷಿಂಗ್ ಸೋಡ. ಎಣ್ಣೆ ಜಿಡ್ಡು ತೆಗೆಯುತ್ತೆ ಅಂತ ಗ್ಯಾರೇಜಲ್ಲಿ ಬಳಸ್ತಾರೆ. ಬರಿ ಅಲ್ಯೂಮಿನಿಯಂ ಮೇಲೆ ಬಿದ್ದರೆ ನಿಮಿಷಗಳಲ್ಲಿ ಬೂದು ಬಣ್ಣಕ್ಕೆ ತಿರುಗುತ್ತೆ. ಅದು ಕಲೆ ಅಲ್ಲ, ಲೋಹವೇ ಕರಗಿರೋದು.

ಚಳ್ಳಕೆರೆ_ಗೇಟ್_ಡೀಟೇಲಿಂಗ್

ಕಂದು ಚುಕ್ಕೆಯ ವಿಚಾರಕ್ಕೆ ಬರ್ತೀನಿ. ಮುಂದಿನ ವೀಲುಗಳಲ್ಲೇ ಜಾಸ್ತಿ ಇದೆ ಅಂದ್ರಲ್ಲ, ಬ್ರೇಕ್ ಧೂಳು ಅನ್ನೋದಕ್ಕೆ ಅದೇ ಗುರುತು. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತೆ, ಮುಂದಿನ ಡಿಸ್ಕೇ ಹೆಚ್ಚು ಸವೆಯುತ್ತೆ. ಆ ಧೂಳಿನಲ್ಲಿ ಎರಕದ ಕಬ್ಬಿಣದ ಚೂರುಗಳಿರುತ್ತವೆ, ಬಿಸಿಯಾಗೇ ಹಾರಿ ಬಂದು ಕ್ಲಿಯರಿಗೆ ಕಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತವೆ. ಶಾಂಪೂ ಮೇಲಿನ ಜಿಡ್ಡನ್ನಷ್ಟೇ ಎತ್ತುತ್ತೆ, ಕಚ್ಚಿಕೊಂಡ ಚೂರನ್ನು ಬಿಡಿಸಲ್ಲ.

ಇದಕ್ಕೆ ಬೇಕಾದ್ದು ಐರನ್ ರಿಮೂವರ್. ಬಾಟಲಿ ಮೇಲೆ ಥಯೋಗ್ಲೈಕೋಲೇಟ್ ಅಂತ ಇದೆಯಾ, ಪಿಹೆಚ್ ನ್ಯೂಟ್ರಲ್ ಅಂತ ಬರೆದಿದೆಯಾ ನೋಡಿ. ಕೂದಲು ತೆಗೆಯೋ ಕ್ರೀಮಿನಲ್ಲಿರೋದೂ ಇದೇ ಕುಟುಂಬದ ರಾಸಾಯನಿಕ, ಅದಕ್ಕೇ ಅದೇ ಥರ ವಾಸನೆ. ಗಾಳಿಯಾಡೋ ಕಡೆ, ನೈಟ್ರೈಲ್ ಕೈಗವಸು ಹಾಕಿ ಮಾಡಿ.

ವೀಲ್ ಪೂರ್ತಿ ತಣ್ಣಗಿರಬೇಕು. ಓಡಿಸಿ ಬಂದ ಮೇಲೆ ಮುಕ್ಕಾಲು ಗಂಟೆ ನೆರಳಲ್ಲಿ ಬಿಡಿ, ಅಂಗೈ ಇಟ್ಟರೆ ಬಿಸಿ ತಾಗಬಾರದು. ಬಿಸಿ ಡಿಸ್ಕಿಗೆ ತಣ್ಣೀರು ರಾಚಿದರೆ ಡಿಸ್ಕಿಗೂ ಒಳ್ಳೇದಲ್ಲ. ಮೊದಲು ಬರಿ ನೀರಿನ ಪ್ರೆಶರ್‌ನಲ್ಲಿ ಸಡಿಲ ಮಣ್ಣು ಇಳಿಸಿ, ಆಮೇಲೆ ಶಾಂಪೂ ಹಾಕಿ ತೊಳೆದು, ನೀರು ಸೋರಿಹೋಗೋಕೆ ಬಿಡಿ. ತೊಟ್ಟಿಕ್ಕೋ ಹಾಗೆ ಒದ್ದೆಯಿದ್ದರೆ ರಿಮೂವರ್ ತೆಳುವಾಗಿ ಶಕ್ತಿ ಕಳ್ಕೊಳ್ಳುತ್ತೆ.

ಒಂದು ವೀಲಿಗೆ 30ರಿಂದ 50 ಮಿ.ಲೀ. ಸಾಕು. ಸ್ಪ್ರೇ ಮಾಡಿ 3ರಿಂದ 5 ನಿಮಿಷ ಬಿಡಿ. ನೇರಳೆ ಬಣ್ಣ ಇಳಿಯೋಕೆ ಶುರುವಾಗುತ್ತೆ, ಅದು ಕಬ್ಬಿಣದ ಜೊತೆ ಸೇರಿದ್ದರ ಗುರುತು. ಮೆತ್ತನೆ ಬ್ರಷ್‌ನಲ್ಲಿ ಆಡಿಸಿ, ಧಾರಾಳ ನೀರಲ್ಲಿ ತೊಳೀರಿ. ಒಂದು ವೀಲ್ ಮುಗಿಸಿ ಇನ್ನೊಂದಕ್ಕೆ ಹೋಗಿ. ನಾಲ್ಕಕ್ಕೂ ಒಟ್ಟಿಗೆ ಹೊಡೆದರೆ ಏಪ್ರಿಲ್ ಬಿಸಿಲಿಗೆ ಮೊದಲನೇದು ಒಣಗಿರುತ್ತೆ, ಒಣಗಿದ ರಿಮೂವರ್ ಬಿಡೋ ಗುರುತು ಇನ್ನೊಂದು ಕಲೆ.

ಇಲ್ಲಿ ಬಹಳ ಜನ ತಪ್ಪು ತಿಳ್ಕೊಳ್ಳೋದು ಒಂದಿದೆ. ಸ್ಪ್ರೇ ಒಳಗೆ ಹೋಗಿ ಬ್ರೇಕ್ ಡಿಸ್ಕಿಗೆ ತಾಗಿದರೂ ನೇರಳೆ ಬಣ್ಣ ಹರಿಯುತ್ತೆ, ಡಿಸ್ಕೇ ಕಬ್ಬಿಣ ಅಲ್ವಾ. ಅದನ್ನು ನೋಡಿ ಇನ್ನೂ ಕೊಳೆ ಇದೆ ಅಂತ ಅರ್ಧ ಬಾಟಲಿ ಖಾಲಿ ಮಾಡ್ತಾರೆ. ಕಣ್ಣಿಡಬೇಕಾದ್ದು ವೀಲಿನ ಮುಖದ ಮೇಲೆ ಮಾತ್ರ.

ಎರಡು ಸಲ ಮಾಡಿದ ಮೇಲೂ ಬೆರಳಿಗೆ ಮರಳಿನ ಹಾಗೆ ತಾಗಿದರೆ ಮೂರನೇ ಸಲ ಬೇಡ. ಕ್ಲೇ ಬಾರ್ (ಕಚ್ಚಿಕೊಂಡ ಚೂರನ್ನು ಎತ್ತೋ ಜೇಡಿಯಂಥ ಮೆತ್ತನೆ ತುಂಡು) ತಗೊಳ್ಳಿ, ಶಾಂಪೂ ನೀರನ್ನೇ ಜಾರಿಕೆಗೆ ಹಾಕಿ ಹಗುರವಾಗಿ ಓಡಿಸಿ. ವೀಲಿಗೆ ಬಳಸಿದ ಕ್ಲೇ ತುಂಡನ್ನು ಕಾರಿನ ಬಾಡಿ ಮೇಲೆ ಬಳಸಬೇಡಿ, ಅದರೊಳಗೆ ಕಬ್ಬಿಣದ ಚೂರು ಕೂತಿರುತ್ತೆ. ಎಲ್ಲಾ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ನಿಧಾನ ಓಡಿಸಿ ನಾಲ್ಕೈದು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ.

ಹದಡಿ_ರೋಡ್

ಬಹಳ ಸ್ಪಷ್ಟವಾಯ್ತು ಸರ್. ಭೀಮಸಮುದ್ರದ ಕಡೆ ಹೋದಾಗ ಅದಿರು ಲಾರಿಗಳ ಕೆಂಪು ಧೂಳೂ ಕೂರುತ್ತೆ. ಅದಕ್ಕೂ ಇದೇನಾ?

ಚಳ್ಳಕೆರೆ_ಗೇಟ್_ಡೀಟೇಲಿಂಗ್

ಅಲ್ಲ. ಬ್ರೇಕ್ ಧೂಳು ಕಚ್ಚಿಕೊಂಡಿರುತ್ತೆ, ಅದಿರಿನ ಧೂಳು ಮೇಲೆ ಕೂತಿರುತ್ತೆ, ನೀರಿಗೇ ಹೋಗಬೇಕು. ಆದರೆ ಆ ಕಬ್ಬಿಣದ ಅದಿರು, ಹೆಮಟೈಟ್, ಕ್ಲಿಯರಿಗಿಂತ ಬಹಳ ಗಟ್ಟಿ. ಒಣ ಬಟ್ಟೆಯಲ್ಲಿ ಒರೆಸಿದರೆ ಎಮರಿ ಕಾಗದದಲ್ಲಿ ಉಜ್ಜಿದ ಹಾಗೇ. ಮೊದಲು ನೀರು, ಮತ್ತೆ ನೀರು, ಆಮೇಲೆ ಬ್ರಷ್. ಮಳೆಗಾಲದ ಎರೆಮಣ್ಣಿಗೂ ಇದೇ ಕ್ರಮ: ಒಣಗಿ ಗಟ್ಟಿಯಾಗಿದ್ದರೆ ಕೆರೆಯಬೇಡಿ, ಹತ್ತು ನಿಮಿಷ ನೆನೆಸಿ. ಎರೆ ವೀಲಿನ ಒಳಬದಿಯಲ್ಲಿ ಒಂದು ಕಡೆ ಗಟ್ಟಿಯಾಗಿ ಕೂತರೆ ಬ್ಯಾಲೆನ್ಸ್ ಕೆಟ್ಟು 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತೆ. ಅಲೈನ್‌ಮೆಂಟ್ ಮಾಡಿಸೋ ಮೊದಲು ಒಳಬದಿ ತೊಳೆದು ನೋಡಿ.

ರಸಾಯನ_ಮೇಷ್ಟ್ರು

ಬಿಳಿ ಉಂಗುರ ಬೋರ್ ನೀರಿನ ಕೊಡುಗೆ. ನೀರು ಆರಿದ ಮೇಲೆ ಉಳಿಯೋದು ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾರ್ಬೊನೇಟ್. ಇದಕ್ಕೆ ದುರ್ಬಲ ಆಮ್ಲ ಸಾಕು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗೋ ಸಿಟ್ರಿಕ್ ಆಸಿಡ್ ಪುಡಿ 20 ಗ್ರಾಂ, ಒಂದು ಲೀಟರ್ ನಲ್ಲಿ ನೀರಿಗೆ. ಬೋರ್ ನೀರಲ್ಲೇ ಕಲಸಿದರೆ ಆಮ್ಲದ ಒಂದಿಷ್ಟು ಅಲ್ಲೇ ಖರ್ಚಾಗುತ್ತೆ. ಬಿಳಿ ವಿನೆಗರ್ ಇದ್ದರೆ ಅದಕ್ಕೆ ಸಮ ನೀರು. ಬಟ್ಟೆಯನ್ನು ಇದರಲ್ಲಿ ಅದ್ದಿ ಉಂಗುರದ ಮೇಲೆ ಒಂದರಿಂದ ಎರಡು ನಿಮಿಷ ಒತ್ತಿ ಹಿಡಿದು, ಒರೆಸಿ, ತೊಳೆದುಬಿಡಿ.

ಗಮನಿಸಿ, ಈ ದ್ರಾವಣದ ಪಿಹೆಚ್ ಕೂಡ 4ಕ್ಕಿಂತ ಕೆಳಗೇ. ಕ್ಲಿಯರ್ ಗಟ್ಟಿಯಿರೋ ಕಡೆ ಮಾತ್ರ ಬಳಸಿ. ಫುಟ್‌ಪಾತ್ ಗೀರಿನ ಮೇಲೆ, ಹುಳದ ಗೆರೆ ಶುರುವಾದ ಅಂಚಿನ ಮೇಲೆ ಬೇಡ. ಐರನ್ ರಿಮೂವರ್ ಹಾಕಿ ತೊಳೆಯದೆ ಅದರ ಮೇಲೇ ಆಮ್ಲ ಹಾಕಬೇಡಿ, ಕೆಟ್ಟ ವಾಸನೆಯ ಆವಿ ಏಳುತ್ತೆ. ಒಂದನ್ನು ಪೂರ್ತಿ ತೊಳೆದು ಇನ್ನೊಂದು.

ಎರಡು ಸಲಕ್ಕೂ ಉಂಗುರ ಹೋಗದಿದ್ದರೆ ಒಂದೋ ಅದರಲ್ಲಿ ಸಿಲಿಕಾ ಇದೆ, ಅದು ಇಂಥ ಆಮ್ಲಕ್ಕೆ ಕರಗಲ್ಲ, ಅಥವಾ ಬಿಸಿಲಿಗೆ ಕಾದ ವೀಲಿನ ಮೇಲೆ ಉಪ್ಪು ಕೂತು ಕ್ಲಿಯರನ್ನೇ ಕೊರೆದಿದೆ. ಆಗ ಪಾಲಿಶಿಂಗ್ ಒಂದೇ ದಾರಿ.

ತಡೆಯೋದು ಇದಕ್ಕಿಂತ ಸುಲಭ. ಬೋರ್ ನೀರಲ್ಲೇ ತೊಳೆಯಿರಿ, ಪರವಾಗಿಲ್ಲ. ಕೊನೆಯ ಒಂದು ಬಕೆಟ್ ಮಾತ್ರ ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಹಾಕಿ, ಕೂಡಲೇ ಮೈಕ್ರೋಫೈಬರ್‌ನಲ್ಲಿ ಒರೆಸಿ. ತಾನಾಗೇ ಒಣಗೋಕೆ ಬಿಡಬೇಡಿ.

ಚನ್ನಗಿರಿ_ತೋಟ

ಮೇಷ್ಟ್ರೇ, ನಮ್ಮ ಕಡೆ ಅಡಿಕೆ ಬೇಯಿಸೋ ಕಾಲದಲ್ಲಿ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಚೆಲ್ಲಿದ ಅಂಗಳದಲ್ಲಿ ಗಾಡಿ ನಿಲ್ಸೋದು ಮಾಮೂಲು. ವೀಲಿನ ಮೇಲೆ ಮೊದಲು ಕೆಂಪು ಕಲೆ ಕೂರುತ್ತೆ, ನಾಲ್ಕು ದಿನಕ್ಕೆ ಕಪ್ಪಾಗುತ್ತೆ. ಸೋಪಿಗೆ ಬಗ್ಗಲ್ಲ. ಏನಿದು?

ರಸಾಯನ_ಮೇಷ್ಟ್ರು

ಚೊಗರಿನಲ್ಲಿರೋದು ಟ್ಯಾನಿನ್ ಅನ್ನೋ ಒಗರು ಪದಾರ್ಥ. ವೀಲಿನ ಮೇಲೆ ಮೊದಲೇ ಕೂತಿರೋ ಬ್ರೇಕ್ ಧೂಳಿನ ಕಬ್ಬಿಣದ ಜೊತೆ ಅದು ಸೇರಿ ನೀಲಿಗಪ್ಪು ಬಣ್ಣವಾಗುತ್ತೆ. ಹಳೇ ಕಾಲದ ಕಪ್ಪು ಶಾಯಿ ತಯಾರಾಗ್ತಿದ್ದದ್ದೂ ಹೀಗೇ, ಟ್ಯಾನಿನ್ ಮತ್ತು ಕಬ್ಬಿಣದ ಉಪ್ಪಿನಿಂದ. ಸೋಪು ಕ್ಷಾರ, ಅದರಿಂದ ಬಣ್ಣ ಇನ್ನೂ ಕಡುವಾಗಬಹುದು.

ಕೆಂಪಗಿದ್ದಾಗಲೇ ಬರಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದರೆ ಬಹುಪಾಲು ಹೋಗುತ್ತೆ. ಕಪ್ಪಾದ ಮೇಲೆ ಕಬ್ಬಿಣವನ್ನು ಬಿಡಿಸಬೇಕು: ಮೊದಲು ಐರನ್ ರಿಮೂವರ್ ಒಂದು ಸಲ, ಚೆನ್ನಾಗಿ ತೊಳೆದು, ಆಮೇಲೆ ಮೇಲೆ ಹೇಳಿದ ಸಿಟ್ರಿಕ್ ದ್ರಾವಣ. ಮರದ ಮೇಲಿನ ಇಂಥದೇ ಕಪ್ಪು ಕಲೆಗೆ ಬಡಗಿಗಳು ಆಕ್ಸಾಲಿಕ್ ಆಮ್ಲ ಬಳಸ್ತಾರೆ, ಅದು ಇನ್ನೂ ಚುರುಕು. ಆದರೆ ಹೊಟ್ಟೆಗೆ ಹೋದರೆ ವಿಷ. ಮಕ್ಕಳು, ದನಕರು ಓಡಾಡೋ ಅಂಗಳದಲ್ಲಿ ಅದನ್ನು ಸುರಿಯೋದು ನನಗೆ ಒಪ್ಪಿಗೆ ಇಲ್ಲ.

ಪಿಬಿ_ರೋಡ್_ಪೇಂಟಿಂಗ್

ಡಾಂಬರಿನ ಚುಕ್ಕೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ಟಾರ್ ರಿಮೂವರ್ ಅಥವಾ ಟರ್ಪೆಂಟೈನ್ ಹತ್ತಿಬಟ್ಟೆಗೆ ಹಾಕಿ ಒಂದು ನಿಮಿಷ ಒತ್ತಿ ಹಿಡಿದು ಒರೆಸಿ, ತಕ್ಷಣ ಶಾಂಪೂ. ಥಿನ್ನರ್ ಬೇಡ, ಕ್ಲಿಯರ್ ಮೆತ್ತಗಾಗುತ್ತೆ. ವಾಶ್ ಸೆಂಟರಿನಲ್ಲಿ ಅಡಿಭಾಗಕ್ಕೆ ಡೀಸೆಲ್ ಹೊಡೀತೀವಿ ಅಂದರೆ ಬೇಡ ಅನ್ನಿ. ಡಿಸ್ಕ್ ಮೇಲೆ, ಪ್ಯಾಡ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯಲ್ಲ, ಆಮೇಲೆ ಅದೇ ಜಿಡ್ಡಿಗೆ ಧೂಳು ಅಂಟಿ ವೀಲ್ ಎರಡು ದಿನಕ್ಕೆ ಕಪ್ಪು.

ಈಗ ಹುಳದ ಗೆರೆ. ಕಲ್ಲು ಸಿಡಿದು ಆದ ಸೂಜಿಮೊನೆಯಷ್ಟು ತೂತಿನಿಂದ, ಅಥವಾ ಕತ್ತರಿಸಿದ ಮುಖದ ಚೂಪಾದ ಅಂಚಿನಿಂದ ಇದು ಶುರುವಾಗುತ್ತೆ. ಅಂಚಿನಲ್ಲಿ ಕ್ಲಿಯರ್ ನಿಲ್ಲದೆ ಎರಡೂ ಕಡೆ ಜಾರುತ್ತೆ, ಅಲ್ಲೇ ಅತಿ ತೆಳು. ತೇವ ಒಳಗೆ ಹೋಗಿ ಲೋಹ ಮತ್ತು ಕ್ಲಿಯರ್ ನಡುವೆ ದಾರಿ ಮಾಡ್ಕೊಂಡು ಹೋಗುತ್ತೆ. ಮೇಲಿಂದ ಮತ್ತೊಂದು ಪದರ ಕ್ಲಿಯರ್ ಹೊಡೆದರೆ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ, ಗೆರೆ ಮುಂದುವರಿಯುತ್ತೆ. ಇಡೀ ಮುಖದ ಕ್ಲಿಯರ್ ತೆಗೆಯಲೇಬೇಕು. ತೆಗೆದ ಮೇಲೆ ಎರಡು ದಾರಿ: ಮತ್ತೆ ಡೈಮಂಡ್ ಕಟ್ ಮಾಡಿಸೋದು, ಇಲ್ಲಾ ಪೂರ್ತಿ ಬಣ್ಣ ಹೊಡೆದು ಡೈಮಂಡ್ ಕಟ್ ಮರೆಯೋದು.

ಹರಿಹರ_ಲೇತ್

ಮತ್ತೆ ಕಟ್ ಮಾಡಿಸೋ ವಿಚಾರದಾಗೆ ಒಂದು ಮಾತು. ಹರಿಹರ ಅಂದ್ರೆ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾದ ಊರು, ಟರ್ನಿಂಗ್ ಕೆಲಸ ಬಲ್ಲೋರು ಈಗಲೂ ಇದಾರೆ. ಹಂಗಂತ ವೀಲ್ ತಗೊಂಡು ಸಾದಾ ಲೇತ್ ಹತ್ರ ಹೋಗಬ್ಯಾಡ್ರಿ. ವೀಲಿನ ಮುಖ ಚಪ್ಪಟೆ ಇರಲ್ಲ, ಮಧ್ಯದಿಂದ ಅಂಚಿಗೆ ಬಾಗಿರ್ತೈತಿ. ಪ್ರೋಬ್ ಅಥವಾ ಲೇಸರ್ ಇಟ್ಟು ಆ ಬಾಗು ಅಳೆದು, ಅದರ ದಾರಿಯಾಗೇ ಟೂಲ್ ಓಡಿಸೋ ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ವೀಲ್ ಲೇತ್ ಬೇಕು. ಸಾದಾ ಲೇತ್‌ನಾಗೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಲೋಹ ಹೋಗ್ತೈತಿ.

ಕೆಲಸ ಕೊಡೋ ಮೊದಲು ಮೂರು ಪ್ರಶ್ನೆ ಕೇಳ್ರಿ. ಎಷ್ಟು ಆಳ ಕತ್ತರಿಸ್ತೀರಿ? ಸುಮಾರು 0.1ರಿಂದ 0.3 ಮಿ.ಮೀ. ಒಳಗೆ ಇರಬೇಕು. ಈ ವೀಲ್ ಮೊದಲೇ ಕಟ್ ಆಗೈತಾ? ಆಗಿದ್ರೆ ಇನ್ನೊಂದು ಸಲ ಮಾಡೋ ಮುಂಚೆ ಸ್ಪೋಕಿನ ದಪ್ಪ ಅಳೀಬೇಕು, ಪದೇ ಪದೇ ಮಾಡೋ ಕೆಲಸ ಅಲ್ಲ ಇದು. ಮೂರನೇದು, ಬಾಗಿದ ವೀಲನ್ನು ನೆಟ್ಟಗೆ ಮಾಡಿ ಆಮೇಲೆ ಕಟ್ ಮಾಡ್ತೀರಾ? ಬಾಗಿದ್ದನ್ನ ಹಂಗೇ ತಿರುಗಿಸಿ ಕತ್ತರಿಸಿದ್ರೆ ಮುಖ ನೆಟ್ಟಗೆ ಕಾಣ್ತೈತಿ, ಒಳಗಿನ ಸೊಟ್ಟ ಹಂಗೇ ಉಳೀತೈತಿ.

ಕಟ್ ಮಾಡಿದ ಲೋಹಕ್ಕೆ ಬರಿಗೈ ತಾಗಬಾರದು, ಬೆವರಿನ ಉಪ್ಪೇ ಮುಂದಿನ ಹುಳದ ಬೀಜ. ಅದೇ ದಿನ ಕ್ಲಿಯರ್ ಹೊಡೀಬೇಕು.

ಪಿಬಿ_ರೋಡ್_ಪೇಂಟಿಂಗ್

ಹರಿಹರದವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೂ ಹದಡಿ ರೋಡ್ ಸರ್, ನನ್ನ ಸಲಹೆ ಪೂರ್ತಿ ಬಣ್ಣ. ನಮ್ಮ ಸರ್ವಿಸ್ ರಸ್ತೆಗಳ ಜಲ್ಲಿ, ಬೋರ್ ನೀರು ಎರಡೂ ಇರೋ ಕಡೆ ಬರಿ ಕ್ಲಿಯರ್ ಮೇಲೆ ನಂಬಿಕೆ ಇಟ್ಟ ಮುಖ ಬಾಳಿಕೆ ಬರೋದು ಕಷ್ಟ. ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಇದ್ದರೆ ಒಂದು ಕಲ್ಲು ಸಿಡಿದರೂ ಲೋಹದವರೆಗೆ ಹೋಗಲ್ಲ.

ದುರ್ಗ_ಪೌಡರ್‌ಕೋಟ್

ಬಾಳಿಕೆ ಬೇಕಾದರೆ ಸ್ಪ್ರೇ ಪೇಂಟಿಗಿಂತ ಪೌಡರ್ ಕೋಟ್ (ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸೋದು) ಯಾಕೆ ಬೇಡ? 60ರಿಂದ 90 ಮೈಕ್ರಾನ್ ದಪ್ಪ ಒಂದೇ ಸಲಕ್ಕೆ ಬರುತ್ತೆ, ಕಲ್ಲಿನ ಏಟು ಚೆನ್ನಾಗಿ ತಡೆಯುತ್ತೆ.

ಪಿಬಿ_ರೋಡ್_ಪೇಂಟಿಂಗ್

ಪೌಡರ್ ಗಟ್ಟಿ, ಒಪ್ತೀನಿ ಅಣ್ಣ. ಭಯ ಇರೋದು ಓವನ್ ಬಗ್ಗೆ. ಎರಕದ ಅಲಾಯ್ ವೀಲಿಗೆ ಬಲ ಬರೋದು ಟಿ6 ಅನ್ನೋ ಶಾಖ ಸಂಸ್ಕಾರದಿಂದ, ಅದರ ಕೊನೆಯ ಹಂತ ಸುಮಾರು 150ರಿಂದ 170 ಡಿಗ್ರಿ. ಪೌಡರ್ ಬೇಯೋದು 180ರಿಂದ 200ರಲ್ಲಿ. ಲೋಹ ಆ ಬಿಸಿಯಲ್ಲಿ 15–20 ನಿಮಿಷ ಇದ್ದು ಹೊರಗೆ ಬಂದರೆ ದೊಡ್ಡ ವ್ಯತ್ಯಾಸ ಆಗಲ್ಲ. ಗೇಟು, ಗ್ರಿಲ್ ಜೊತೆ ಸೇರಿಸಿ ಒಂದು ಗಂಟೆ ಬಿಟ್ಟರೆ, ಅಥವಾ ಹಳೇ ಬಣ್ಣ ಸುಟ್ಟು ತೆಗೆಯೋಕೆ ಜಾಸ್ತಿ ಬಿಸಿ ಕೊಟ್ಟರೆ, ಲೋಹ ಮೆತ್ತಗಾಗುತ್ತೆ. ಕಣ್ಣಿಗೆ ಕಾಣಲ್ಲ, ಗುಂಡಿಗೆ ಬಿದ್ದಾಗ ಬಾಗುತ್ತೆ.

ದುರ್ಗ_ಪೌಡರ್‌ಕೋಟ್

ಅದು ನಿಜ. ಅದಕ್ಕೇ ಹಳೇ ಬಣ್ಣವನ್ನು ಕೆಮಿಕಲ್ ಸ್ಟ್ರಿಪ್ಪರಿನಲ್ಲಿ ತೆಗೀಬೇಕು, ಸುಡಬಾರದು. ಗಾಳಿಯ ಬಿಸಿಯಲ್ಲ, ವೀಲಿನ ಬಿಸಿಯನ್ನೇ ಅಳೆಯಬೇಕು. ಪುಡಿ ಹೊಡೆಯೋ ಮುಂಚೆ ಒಂದು ಸಲ ಬರಿ ವೀಲನ್ನು ಬಿಸಿ ಮಾಡಿದರೆ ಎರಕದ ಸೂಕ್ಷ್ಮ ರಂಧ್ರದೊಳಗಿನ ಗಾಳಿ, ಎಣ್ಣೆ ಹೊರಬರುತ್ತೆ. ಇಲ್ಲದಿದ್ದರೆ ಬೇಯುವಾಗ ಗುಳ್ಳೆ ಏಳುತ್ತೆ. ನಟ್ ಕೂರೋ ಜಾಗ, ಹಬ್‌ಗೆ ತಾಗೋ ಹಿಂಬದಿ, ಮಧ್ಯದ ತೂತು, ಈ ಮೂರೂ ಕಡೆ ಪೌಡರ್ ಬೀಳದ ಹಾಗೆ ಮುಚ್ಚಲೇಬೇಕು. ಅಲ್ಲಿ ಪದರ ಇದ್ದರೆ ಓಡಾಟದಲ್ಲಿ ಅದು ಅಮುಕಿ ತೆಳುವಾಗುತ್ತೆ, ನಟ್ ಸಡಿಲ ಆಗುತ್ತೆ. ಅಂದ ಕೆಟ್ಟರೆ ಮತ್ತೆ ಹೊಡೀಬಹುದು, ಹೈವೇಲಿ ನಟ್ ಸಡಿಲ ಆದರೆ ಪ್ರಾಣದ ವಿಷಯ.

ಹದಡಿ_ರೋಡ್

ಪೂರ್ತಿ ಬಣ್ಣವೇ ಅಂತ ಮನಸ್ಸು ಮಾಡಿದೆ. ಫುಟ್‌ಪಾತ್ ಗೀರನ್ನು ಅದೇ ಜೊತೆಗೆ ಸರಿ ಮಾಡೋದು ಹೇಗೆ? ಟೈರ್ ಬಿಚ್ಚಲೇಬೇಕಾ?

ಪಿಬಿ_ರೋಡ್_ಪೇಂಟಿಂಗ್

ಪೂರ್ತಿ ಬಣ್ಣಕ್ಕೆ ಬಿಚ್ಚಲೇಬೇಕು. ಬರಿ ಗೀರಿಗಾದರೆ ಗಾಳಿ ಇಳಿಸಿ, ಟೈರನ್ನು ಅಂಚಿನಿಂದ ಒತ್ತಿ, ಸಂದಿಗೆ ದಪ್ಪ ರಟ್ಟು ಸಿಕ್ಕಿಸಿ ಮಾಡಬಹುದು.

ಮೊದಲು ಗೀರಿನ ಆಳ, ಜಾಗ ನೋಡಿ. ಉಗುರು ಸಿಕ್ಕಿಕೊಳ್ಳೋಷ್ಟು ಆಳ ಅಂಚಿನಲ್ಲಿ ಮಾತ್ರ ಇದ್ದರೆ ಸರಿ ಮಾಡಬಹುದು. ಸ್ಪೋಕ್ ಬುಡದಲ್ಲಿ, ನಟ್ ತೂತಿನ ಸುತ್ತ ಕೂದಲೆಳೆಯಂಥ ಸೀಳು ಕಂಡರೆ ಕೆಲಸ ನಿಲ್ಲಿಸಿ, ಆ ವೀಲ್ ಗುಜರಿಗೆ. ವೆಲ್ಡ್ ಮಾಡಿಕೊಡ್ತೀವಿ ಅನ್ನೋರು ಸಿಗ್ತಾರೆ. ವೆಲ್ಡ್ ಬಿಸಿಗೆ ಸುತ್ತಲಿನ ಲೋಹ ಬಲ ಕಳ್ಕೊಂಡು ಅದರ ಪಕ್ಕದಲ್ಲೇ ಮತ್ತೆ ಸೀಳುತ್ತೆ.

ಗೀರು ಸರಿ ಮಾಡೋ ಕ್ರಮ: ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ಒರೆಸಿ. ಟೈರ್ ಪಾಲಿಶಿನ ಸಿಲಿಕೋನ್ ಉಳಿದರೆ ಬಣ್ಣ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತೆ, ಎಷ್ಟು ಕೋಟ್ ಹೊಡೆದರೂ ಮುಚ್ಚಲ್ಲ. ಎದ್ದ ಲೋಹದ ಚೂರನ್ನು ಸಣ್ಣ ಅರದಿಂದ ತೆಗೆದು, 180 ನಂಬರ್ ಕಾಗದದಲ್ಲಿ ಉಜ್ಜಿ, ಸುತ್ತಲಿನ ಬಣ್ಣವನ್ನು 320ರಲ್ಲಿ ಇಳಿಜಾರಾಗಿ ಹರಡಿ. ಉಗುರಿಗೆ ಮೆಟ್ಟಿಲು ತಾಗಬಾರದು. ಆಳದ ಕಡೆಗೆ ಅಲ್ಯೂಮಿನಿಯಂ ಪುಡಿ ಬೆರೆತ ಎಪಾಕ್ಸಿ ಪುಟ್ಟಿ. ಬಾಡಿ ಕೆಲಸದ ಸಾದಾ ಪುಟ್ಟಿ ವೀಲಿನ ಬಿಸಿಗೆ, ಬಡಿತಕ್ಕೆ ಬಿಟ್ಟುಕೊಳ್ಳುತ್ತೆ. ಪುಟ್ಟಿ ಗಟ್ಟಿಯಾದ ಮೇಲೆ 240, ಆಮೇಲೆ 400.

ಬರಿ ಅಲ್ಯೂಮಿನಿಯಂ ಕಂಡ ಕಡೆ ಮೊದಲು ಲೋಹಕ್ಕೆ ಕಚ್ಚಿಕೊಳ್ಳೋ ಎಚ್ (etch) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್. ನೇರ ಬಣ್ಣ ಹೊಡೆದರೆ ಚಕ್ಕೆ ಏಳುತ್ತೆ. ಅದರ ಮೇಲೆ ಫಿಲ್ಲರ್ ಪ್ರೈಮರ್ ಎರಡು ಕೋಟ್, ಒಣಗಿದ ಮೇಲೆ 600ರಿಂದ 800 ವಾಟರ್ ಪೇಪರ್. ಆದರೆ ಕೆಲವು ಎಚ್ ಪ್ರೈಮರ್ ಎಪಾಕ್ಸಿ ಜೊತೆ ಹೊಂದಲ್ಲ, ಡಬ್ಬಿ ಮೇಲಿನ ಸೂಚನೆ ಓದಿ. ಬಣ್ಣ ಎರಡು ಮೂರು ತೆಳು ಕೋಟ್, 20–25 ಸೆಂ.ಮೀ. ದೂರದಿಂದ, ನಡುವೆ 10–15 ನಿಮಿಷ. ಕೊನೆಗೆ 2ಕೆ (ಹಾರ್ಡ್ನರ್ ಬೆರೆಸೋ) ಕ್ಲಿಯರ್ ಎರಡು ಕೋಟ್. ಹಾರ್ಡ್ನರ್ ಇಲ್ಲದ ಸಾದಾ 1ಕೆ ಸ್ಪ್ರೇ ಕ್ಲಿಯರ್ ಅಗ್ಗ, ಆದರೆ ಟಾರ್ ರಿಮೂವರ್ ತಾಗಿದರೆ ಕರಗುತ್ತೆ, ಬ್ರೇಕ್ ದ್ರವ ತಾಗಿದರೂ ಅಷ್ಟೇ.

2ಕೆ ಹಾರ್ಡ್ನರಿನಲ್ಲಿ ಐಸೊಸಯನೇಟ್ ಇದೆ. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಅದನ್ನು ತಡೆಯಲ್ಲ. ಒಮ್ಮೆ ಉಸಿರಾಟಕ್ಕೆ ಅಲರ್ಜಿ ಹತ್ತಿದರೆ ಆಮೇಲೆ ಸ್ವಲ್ಪ ವಾಸನೆಗೂ ಉಬ್ಬಸ ಬರುತ್ತೆ. ಸರಿಯಾದ ರೆಸ್ಪಿರೇಟರ್ ಇಲ್ಲದಿದ್ದರೆ ಕ್ಲಿಯರ್ ಮಾತ್ರ ಬೂತ್ ಇರೋ ಕಡೆ ಮಾಡಿಸಿ.

ಹೊತ್ತು ಮುಖ್ಯ. ಮಾರ್ಚಿಯಿಂದ ಮೇವರೆಗೆ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಕಾದ ವೀಲಿನ ಮೇಲೆ ಬಣ್ಣ ಬೀಳೋ ಮುಂಚೆಯೇ ಒಣಗಿ ಮರಳು ಮರಳಾಗುತ್ತೆ. ಮಳೆ ಹಿಡಿದ ದಿನ ಹೊಡೆದರೆ ಕ್ಲಿಯರ್ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಹೊಡೆದು 24 ಗಂಟೆ ಕೈ ಮುಟ್ಟಬೇಡಿ, ಒಂದು ವಾರ ಯಾವ ಕೆಮಿಕಲ್ಲೂ ಬೇಡ.

ಅಲೈನ್‌ಮೆಂಟ್_ಹೊಳಲ್ಕೆರೆ_ರೋಡ್

ಟೈರ್ ಬಿಚ್ಚಿದಾಗ ಎಲ್ಲರೂ ಮುಖ ನೋಡ್ತಾರೆ, ಟೈರ್ ಕೂರೋ ಅಂಚು ನೋಡಲ್ಲ. ಅಲ್ಲಿ ಬಿಳಿ ಪುಡಿಯ ಹಾಗೆ ಆಕ್ಸೈಡ್ ಕಟ್ಟಿದ್ದರೆ ವಾರಕ್ಕೆ 4–5 ಪಿಎಸ್‌ಐ ಗಾಳಿ ಇಳಿಯೋದಕ್ಕೆ ಅದೇ ಕಾರಣ ಇರಬಹುದು. ಪಂಕ್ಚರ್ ಅಂಗಡಿಯಲ್ಲಿ ನೀರಲ್ಲಿ ಮುಳುಗಿಸಿದರೆ ಅಂಚಿನ ಉದ್ದಕ್ಕೂ ಸಣ್ಣ ಗುಳ್ಳೆ ಬರ್ತವೆ, ಮೊಳೆ ಸಿಗಲ್ಲ. ನೈಲಾನ್ ಪ್ಯಾಡಲ್ಲಿ ಉಜ್ಜಿ ಶುದ್ಧ ಲೋಹ ತರಬೇಕು. ಗ್ರೈಂಡರ್ ಹಾಕಿದರೆ ಗುಂಡಿ ಬಿದ್ದು ಸೋರಿಕೆ ಜಾಸ್ತಿ ಆಗುತ್ತೆ.

ಹೊಡೆದು ಸಿಕ್ಕಿಸೋ ಬ್ಯಾಲೆನ್ಸ್ ತೂಕ ಅಲಾಯ್‌ಗೆ ಹಾಕಿಸಬೇಡಿ. ಅದರ ಸ್ಟೀಲ್ ಕ್ಲಿಪ್ ಕ್ಲಿಯರ್ ಸೀಳುತ್ತೆ, ಸ್ಟೀಲು ಅಲ್ಯೂಮಿನಿಯಂ ನಡುವೆ ನೀರು ಸೇರಿದರೆ ತುಕ್ಕು ಅಲ್ಲಿಂದಲೇ ಶುರು. ಹದಡಿ ರೋಡ್ ಸರ್, ನಿಮ್ಮ ಹುಳದ ಗೆರೆ ಹೊರಟ ಅಂಚಿನಲ್ಲಿ ಹಳೇ ಕ್ಲಿಪ್ ಗುರುತು ಇದೆಯಾ ನೋಡಿ. ಅಂಟಿಸೋ ತೂಕ ಒಳಬದಿಗೆ ಹಾಕಿಸಿ, ಅಂಟಿಸೋ ಜಾಗವನ್ನು ಆಲ್ಕೋಹಾಲ್‌ನಲ್ಲಿ ಒರೆಸಿದ ಮೇಲೆ.

ಜಗಳೂರು_ಜೀಪ್

ಸ್ಟೀಲ್ ರಿಮ್‌ಗೆ ಏನ್ ಮಾಡ್ಲಿ ಹಂಗಾದ್ರೆ? ಕ್ರೋಮ್ ಕ್ಯಾಪ್ ಮ್ಯಾಲೂ ತುಕ್ಕಿನ ಚುಕ್ಕೆ ಅದಾವ್ರಿ.

ಪಿಬಿ_ರೋಡ್_ಪೇಂಟಿಂಗ್

ಸ್ಟೀಲಿಗೆ ವೈರ್ ಬ್ರಷ್, ರಸ್ಟ್ ಕನ್ವರ್ಟರ್, ಜಿಂಕ್ ಫಾಸ್ಫೇಟ್ ಪ್ರೈಮರ್, ಎನಾಮೆಲ್. ನಟ್ ಕೂರೋ ಜಾಗ ಇಲ್ಲೂ ಬಿಡ್ರಿ. ಲೋಹದ ಕ್ರೋಮ್ ಆದರೆ ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಫಾಯಿಲ್ ಕ್ರೋಮಿಗಿಂತ ಮೆತ್ತಗೆ, ಗೀರು ಬೀಳಲ್ಲ. ಪಾತ್ರೆ ತಿಕ್ಕೋ ತಂತಿ ನಾರು ಮುಟ್ಟಿಸಬೇಡಿ.

ಹದಡಿ_ರೋಡ್

ನೋಡಿದೆ. ಗೆರೆ ಶುರುವಾದ ಕಡೆ ಕ್ಲಿಪ್ ಕಚ್ಚಿದ ಗುರುತು ಸ್ಪಷ್ಟವಾಗಿದೆ, ಇನ್ನೊಂದು ವೀಲಿನಲ್ಲಿ ಕ್ಲಿಪ್ ಈಗಲೂ ಕೂತಿದೆ. ಮುಂದಿನ ಎರಡಕ್ಕೆ ಐರನ್ ರಿಮೂವರ್, ಉಂಗುರಕ್ಕೆ ನಿಂಬೆ ಉಪ್ಪು, ಹಿಂದಿನ ಎಡಗಡೆಗೆ ಪೂರ್ತಿ ಬಣ್ಣ ಅಂತ ತೀರ್ಮಾನ. ಆ ಒಂದು ವೀಲ್ ಮಾತ್ರ ಬೇರೆ ಥರ ಕಾಣಲ್ವಾ?

ಪಿಬಿ_ರೋಡ್_ಪೇಂಟಿಂಗ್

ಕಾಣುತ್ತೆ. ಹಿಂದಿನ ಎರಡಕ್ಕೂ, ಆದರೆ ನಾಲ್ಕಕ್ಕೂ, ಒಂದೇ ಬಣ್ಣ ಒಂದೇ ದಿನ ಒಂದೇ ಡಬ್ಬಿಯಿಂದ ಹೊಡೆಸಿ. ಗನ್‌ಮೆಟಲ್ ಬೂದು ಆರಿಸಿದರೆ ಬ್ರೇಕ್ ಧೂಳು ಎದ್ದು ಕಾಣಲ್ಲ. ಇನ್ನೊಂದು ವೀಲಿನ ಆ ಕ್ಲಿಪ್ಪನ್ನು ಇವತ್ತೇ ತೆಗೆಸಿ, ಬಣ್ಣದ ದಿನದವರೆಗೆ ಕಾಯಬೇಡಿ.

ಅಲೈನ್‌ಮೆಂಟ್_ಹೊಳಲ್ಕೆರೆ_ರೋಡ್

ಟೈರ್ ಒತ್ತಡದ ಸೆನ್ಸರ್ ಇದ್ದರೆ ಬಣ್ಣಕ್ಕೆ ಕೊಡೋ ಮುಂಚೆ ಬಿಚ್ಚಿಸಿ ಇಟ್ಕೊಳ್ಳಿ, ಸ್ಟ್ರಿಪ್ಪರ್ ತಾಗಿದರೆ ಹಾಳು. ವಾಲ್ವ್ ಹೊಸದು ಹಾಕಿಸಿ. ವೀಲ್ ಕೂರಿಸುವಾಗ ಹಬ್ಬಿನ ತುಕ್ಕು ತೆಗೆದು, ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಕೈಯಲ್ಲೇ ಹಿಡಿಸಿ, ಕೊನೆಗೆ ಟಾರ್ಕ್ ರೆಂಚ್. ಎಷ್ಟು ನ್ಯೂಟನ್ ಮೀಟರ್ ಅಂತ ನಿಮ್ಮ ಕಾರಿನ ಪುಸ್ತಕದಲ್ಲೇ ಇರುತ್ತೆ. ಗಾಳಿ ಗನ್ನಿನಲ್ಲಿ ಕೊನೆವರೆಗೆ ಬಿಗಿಸೋಕೆ ಬಿಡಬೇಡಿ, ಹೊಸ ಬಣ್ಣ ನಟ್ ಸುತ್ತಲೇ ಮೊದಲು ಸಿಡಿಯುತ್ತೆ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ವೀಲ್ ತಣ್ಣಗಿದ್ದಾಗ ಇನ್ನೊಂದು ಸಲ ಟಾರ್ಕ್ ನೋಡಿಸಿ.